ಪೊರ್ಬುಗಳು ಆರಿಸಿದ ಪೆಟ್ಟಿಗೆ

ಅವರ ಎಡಗಿವಿಯಲ್ಲಿ ಸದಾ ಒಂದು ಉಂಡೆ ಹತ್ತಿ ಇರುತ್ತಿತ್ತು. ವರ್ಷಗಟ್ಟಲೆ ಹಾರ್ನ್ ಸ್ಪೀಕರಿನ ಪಕ್ಕದಲ್ಲೇ ಕೂತು ಆ ಕಿವಿ ಕೆಟ್ಟಿತ್ತು. ಯಾರಾದರೂ ಮಾತಾಡಿಸಿದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿ, ಬಲಗಿವಿಯನ್ನು ಮುಂದೆ ತಂದು ಕೇಳುತ್ತಿದ್ದರು. ಮೂಡುಬಿದಿರೆಯಲ್ಲಿ ಅವರದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಚರ್ಚಿನ ಹಬ್ಬ, ಯಕ್ಷಗಾನ, ಭೂತಕೋಲ, ಚುನಾವಣೆ, ಎಲ್ಲದಕ್ಕೂ ಅವರ ಸೆಟ್ಟೇ ಆಗಬೇಕು. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ನನಗೂ ಅವರು ಪೊರ್ಬುಗಳೇ.

ಬಂಟ್ವಾಳದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನನಗೆ ಅವರ ಅಂಗಡಿಯಲ್ಲಿ ಕೆಲಸ ಬಿದ್ದದ್ದು ದೊಡ್ಡಮ್ಮನಿಂದ. ಅಳದಂಗಡಿಯಲ್ಲಿದ್ದ ನನ್ನ ದೊಡ್ಡಮ್ಮನಿಗೆ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹಾಡುವ ಒಂದು ತುಳು ಪಾಡ್ದನ ಬರುತ್ತಿತ್ತು. ಒಂದಿಡೀ ಗದ್ದೆ ನೆಟ್ಟು ಮುಗಿಯುವಷ್ಟು ಉದ್ದದ ಹಾಡು. ಒಂದೊಂದು ಸಾಲನ್ನು ಅವಳು ಎತ್ತಿಕೊಡಬೇಕು, ಜೊತೆಯ ಹೆಂಗಸರು ಓ ಎಂದು ದನಿಗೂಡಿಸಬೇಕು. ಎತ್ತಿಕೊಡುವ ಸಾಲುಗಳು ಊರಿನಲ್ಲಿ ಅವಳೊಬ್ಬಳಿಗೇ ಗೊತ್ತು. ಆ ವರ್ಷ ಅವಳ ಗಂಟಲಿನಲ್ಲಿ ಗಂಟು ಕಾಣಿಸಿತು. ತೆಗೆಯಲೇಬೇಕು, ಆದರೆ ಸ್ವರದ ನರ ಪಕ್ಕದಲ್ಲೇ ಇದೆ, ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ನಾಟಿ ಮುಗಿಸಿಯೇ ಆಸ್ಪತ್ರೆಗೆ ಬರುತ್ತೇನೆಂದು ದೊಡ್ಡಮ್ಮ ಹಟ ಹಿಡಿದಳು. ಹಾಡನ್ನು ರೆಕಾರ್ಡ್ ಮಾಡಿ ಹಿಡಿದಿಡಲು ನನಗೆ ಸಿಕ್ಕಿದ್ದು ಅದೊಂದೇ ನಾಟಿ.

ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಅನ್ನುತ್ತಾರೆಂದು ನಾನು ವಿಡಿಯೋ ನೋಡಿ ಕಲಿತಿದ್ದೆ. ಅರೆಬರೆ ಕಲಿತವರ ಉತ್ಸಾಹ ನಿಮಗೆ ಗೊತ್ತೇ ಇದೆ. ಎಂಟು ಮೈಕ್ ಹಾಕಬಹುದಾದ ಒಂದು ಪೆಟ್ಟಿಗೆಯ ಚಿತ್ರ ಹಿಡಿದುಕೊಂಡು ಪೊರ್ಬುಗಳ ಮುಂದೆ ನಿಂತೆ. ಅವರು ಕನ್ನಡಕ ಏರಿಸಿ ನೋಡಿದರು.

"ಒಳ್ಳೆ ಪೆಟ್ಟಿಗೆ ಟೀಚರೇ. ಇದಕ್ಕೆ ಕರೆಂಟು ಬೇಕು. ಗದ್ದೆಯಲ್ಲಿ ಪ್ಲಗ್ ಉಂಟಾ?"

"ಗದ್ದೆಗೆ ಯಾಕೆ? ಮನೆಯ ಚಾವಡಿಯಲ್ಲೇ ಕೂರಿಸಿ ಹಾಡಿಸ್ತೇನೆ."

"ಆಗಲಿ. ಮೊದಲು ಫೋನಿನಲ್ಲಿ ಒಮ್ಮೆ ಹಾಡಿಸಿ ನೋಡಿ. ಪೆಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ."

ಹಾಡಿಸಿ ನೋಡಿದೆ. ನೇಜಿಯ ಹಾಡನ್ನು ಮನೆಯೊಳಗೆ ಹಾಡುವ ಕ್ರಮ ಇಲ್ಲವೆಂದು ದೊಡ್ಡಮ್ಮ ಮುಖ ಸಿಂಡರಿಸಿದಳು. ನನ್ನ ಒತ್ತಾಯಕ್ಕೆ ಕುರ್ಚಿಯಲ್ಲಿ ಕೂತು ಶುರುಮಾಡಿ ಹತ್ತನೇ ಸಾಲಿಗೆ ನಿಂತುಬಿಟ್ಟಳು. ಮುಂದಿನ ಸಾಲು ನೆನಪಾಗಬೇಕಾದರೆ ಬೆನ್ನು ಬಗ್ಗಬೇಕು, ಕೈ ಕೆಸರಿಗೆ ಹೋಗಬೇಕು ಎಂದಳು. ನಾನು ಅದನ್ನು ನೆಪ ಎಂದುಕೊಂಡೆ. ಪೊರ್ಬುಗಳಿಗೆ ಹೇಳಿದರೆ ಅವರು ಮಾತ್ರ ನಗಲಿಲ್ಲ. "ನನಗೂ ಹಾಗೆಯೇ. ವಯರು ಕೈಯಲ್ಲಿ ಹಿಡಿದರೆ ಮಾತ್ರ ಯಾವುದು ಎಲ್ಲಿಗೆ ಅಂತ ಗೊತ್ತಾಗ್ತದೆ" ಎಂದರು.

ಮಂಗಳೂರಿನ ಪರಿಚಯದವರಿಂದ ಅವರು ಮೂರು ಸಣ್ಣ ಪೆಟ್ಟಿಗೆಗಳನ್ನು ನೋಡಲಿಕ್ಕೆಂದು ತರಿಸಿದರು. ಮೂರೂ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುವಂಥವು. ಅವರ ಪರೀಕ್ಷೆ ವಿಚಿತ್ರವಾಗಿತ್ತು. ಅಂಗಡಿಯ ಶಟರ್ ಎಳೆದು, ಫ್ಯಾನ್ ಆರಿಸಿ, ಮೈಕ್ ಸಿಕ್ಕಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ, ಬಲಗಿವಿಗೆ ಹೆಡ್‌ಫೋನ್ ಒತ್ತಿ ಸುಮ್ಮನೆ ಕೂತರು. ನಾನು ಹಲೋ ಎನ್ನಹೋದರೆ ಕೈ ಅಡ್ಡ ಹಿಡಿದರು. "ಯಾರೂ ಮಾತಾಡದೆ ಇರುವಾಗ ಇದು ಏನು ಮಾತಾಡ್ತದೆ ನೋಡುವ." ಒಂದು ಪೆಟ್ಟಿಗೆ ಸುಯ್ ಎನ್ನುತ್ತಿತ್ತಂತೆ. ಅದನ್ನು ತೆಗೆದು ಬದಿಗಿಟ್ಟರು.

ಉಳಿದದ್ದು ಎರಡು. ಒಂದಕ್ಕೆ ಒಂದೇ ಮೈಕ್, ಇನ್ನೊಂದಕ್ಕೆ ಎರಡು. ನನಗೆ ಒಂದು ಮೈಕಿನದ್ದೇ ಇಷ್ಟವಾಯಿತು, ಬ್ಯಾಗಿನ ಮೂಲೆಯಲ್ಲಿ ಕೂರುವಷ್ಟು ಸಣ್ಣದು. ಮಧ್ಯದಲ್ಲಿ ಒಂದು ಮೈಕ್ ಇಟ್ಟರೆ ಎಲ್ಲರ ದನಿಯೂ ಬರುತ್ತದಲ್ಲ ಎಂದೆ. ಪೊರ್ಬುಗಳು ಒಪ್ಪಲಿಲ್ಲ. "ದೊಡ್ಡಮ್ಮನದ್ದು ಬೇರೆ, ದನಿ ಕೂಡಿಸುವವರದ್ದು ಬೇರೆ ಇಡಿ. ಕೂಡಿಸಲಿಕ್ಕೆ ಯಾವಾಗಲೂ ಆಗ್ತದೆ ಟೀಚರೇ, ಬಿಡಿಸಲಿಕ್ಕೆ ಆಗುವುದಿಲ್ಲ."

"ನಿಮ್ಮ ಕಾಲ ಹೋಯ್ತು ಪೊರ್ಬುಗಳೇ. ಈಗ ಅದನ್ನೆಲ್ಲ ಕಂಪ್ಯೂಟರೇ ಬಿಡಿಸಿ ಕೊಡ್ತದೆ" ಎಂದುಬಿಟ್ಟೆ. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಅವರು ಹತ್ತಿಯ ಕಿವಿಯನ್ನು ನನ್ನ ಕಡೆ ತಿರುಗಿಸಿ, ಎರಡು ಮೈಕಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದರು. ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟರೋ ನನಗೆ ಈಗಲೂ ಗೊತ್ತಿಲ್ಲ.

ನಾಟಿಯ ದಿನ ಅವರೇ ಸ್ಕೂಟರಿನಲ್ಲಿ ಅಳದಂಗಡಿಗೆ ಬಂದರು. ನಾಟಕಕ್ಕೆ ಕೊಡುವ ಎರಡು ವಯರಿಲ್ಲದ ಕಾಲರ್ ಮೈಕುಗಳನ್ನೂ ತಂದಿದ್ದರು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟಿನೊಳಗೆ ಅವುಗಳ ಬ್ಯಾಟರಿ ಡಬ್ಬಿಗಳನ್ನು ನೆನೆಯದಂತೆ ಕಟ್ಟಿ, ಹೆಂಗಸರ ಕೈಗೆ ಕೊಟ್ಟು, "ನೀವೇ ಸಿಕ್ಕಿಸಿಕೊಳ್ಳಿ" ಎಂದು ದೂರ ಹೋಗಿ ನಿಂತರು. ಒಂದು ದೊಡ್ಡಮ್ಮನಿಗೆ, ಇನ್ನೊಂದು ಸಾಲಿನ ಆ ತುದಿಯಲ್ಲಿದ್ದ ಅವಳ ನಾದಿನಿಗೆ. ಗದ್ದೆಯ ಬದುವಿನಲ್ಲಿ, ನಮ್ಮ ಮಾತಿನ ಹುಣಿಯಲ್ಲಿ, ಕೊಡೆಯ ಅಡಿ ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಅದಕ್ಕೆ ಸಿಕ್ಕಿಸಿದ ಪೆಟ್ಟಿಗೆ. ದೊಡ್ಡಮ್ಮ ಬೆನ್ನು ಬಗ್ಗಿಸಿದಳು, ಮೊದಲ ಹಿಡಿ ನೇಜಿ ಊರಿದಳು, ಹಾಡು ಹೊರಟಿತು. ಕುರ್ಚಿಯಲ್ಲಿ ಮರೆತ ಸಾಲುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಪೊರ್ಬುಗಳು ಬಲಗಿವಿಗೆ ಹೆಡ್‌ಫೋನ್ ಹಿಡಿದುಕೊಂಡು ಮಳೆಯಲ್ಲಿ ಕೊನೆಯವರೆಗೂ ನಿಂತೇ ಇದ್ದರು. ಎಲ್ಲ ಮುಗಿದ ಮೇಲೆ, "ಉಸಿರು ಸಹಿತ ಬಂದಿದೆ" ಎಂದಷ್ಟೇ ಹೇಳಿದರು. ಬಾಡಿಗೆ ಎಷ್ಟೆಂದು ನಾನು ಕೇಳಿದ್ದಕ್ಕೆ ಗಂಜಿ ಬಡಿಸಲು ಹೇಳಿದರು.

ಆಪರೇಷನ್ ಆಯಿತು. ದೊಡ್ಡಮ್ಮ ಉಳಿದಳು, ದನಿ ಒಡೆಯಿತು. ಮಾತಿಗೆ ತೊಂದರೆ ಇಲ್ಲ, ಆದರೆ ಮೇಲಿನ ಸಾಲಿಗೆ ಏರಿಸಹೋದರೆ ಗಾಳಿ ಮಾತ್ರ ಬರುತ್ತಿತ್ತು. ಅವಳು ಆಸ್ಪತ್ರೆಯಲ್ಲಿದ್ದ ವಾರದಲ್ಲೇ ಪೊರ್ಬುಗಳು ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ಹೋಗಿ ಬಂದೆ. ಅಂಗಡಿಯಲ್ಲಿ ನಾನಾಡಿದ ಮಾತಿಗೆ ತಪ್ಪಾಯಿತೆಂದು ಹೇಳಲು ಒಂದಿಡೀ ತಿಂಗಳಿತ್ತು, ಹೇಳಿರಲಿಲ್ಲ. ದೊಡ್ಡಮ್ಮನಿಗೆ ಆ ಹೊತ್ತಿನಲ್ಲಿ ಸಾವಿನ ಸುದ್ದಿ ಬೇಡವೆಂದು ಸುಮ್ಮನಿದ್ದೆ. ಆಮೇಲೆ ಹೇಳುವ ಧೈರ್ಯ ಬರಲಿಲ್ಲ.

ಮರುವರ್ಷದ ನಾಟಿಗೆ ಹೆಂಗಸರು ಬಾಯಿ ಮುಚ್ಚಿಕೊಂಡೇ ಗದ್ದೆಗಿಳಿದರು. ಎತ್ತಿಕೊಡುವವರಿಲ್ಲ. ನಾನು ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ, ನಾದಿನಿಯ ಮೈಕಿನದ್ದನ್ನು ಮುಚ್ಚಿ, ದೊಡ್ಡಮ್ಮನದ್ದನ್ನು ಮಾತ್ರ ಹಾಕಿದೆ. ಹಳೆಯ ದನಿ ಒಂದು ಸಾಲು ಹೇಳಿ ನಿಂತಿತು. ಯಾರೋ ಒಬ್ಬರು ಓ ಎಂದರು. ಎರಡನೆಯದಕ್ಕೆ ಎಲ್ಲರೂ ಎಂದರು. ಹುಣಿಯಲ್ಲಿ ಕೂತಿದ್ದ ದೊಡ್ಡಮ್ಮ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ತನ್ನದೇ ಹಾಡಿಗೆ ಆ ಒಡಕು ದನಿಯಲ್ಲಿ ಓಗೊಡುತ್ತ ಗದ್ದೆಯ ಅಂಚಿನವರೆಗೂ ನೆಟ್ಟಳು. ನಾನು ಅತ್ತುಬಿಟ್ಟೆ.

ಮುಗಿದ ಮೇಲೆ ಅವಳ ಮುಖ ತುಂಬಾ ನಗುವಿತ್ತು. "ನಾಳೆ ಆ ಪೊರ್ಬುಗಳನ್ನು ಕರಕೊಂಡು ಬಾ ಮಗಾ, ಅವರೂ ಕೇಳಲಿ" ಎಂದಳು.

ಆಗ ಹೇಳಿದೆ. ದೊಡ್ಡಮ್ಮ ಕೈಯ ಕೆಸರು ತೊಳೆದುಕೊಂಡಳು. ಆಮೇಲೆ ನೆಟ್ಟು ಮುಗಿದ ಗದ್ದೆಗೆ ಮತ್ತೆ ಇಳಿದು, ಬೆನ್ನು ಬಗ್ಗಿಸಿ ನಿಂತು, "ಮೊದಲಿನಿಂದ ಹಾಕು" ಎಂದಳು.