ಹಳೆಯ ಪಾಸ್‌ಪೋರ್ಟಿನ ನಾಲ್ಕು ಹಾಳೆ

ಶರ್ಲಿ, ಕಳೆದ ಶುಕ್ರವಾರ ಮೈದಾನದಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು. ಇಪ್ಪತ್ತು ವರ್ಷ ದಾಟಿದ ಸುಳ್ಳು ಅದು. ನಿನ್ನ ಪಪ್ಪನಿಗೂ ಅದನ್ನೇ ಹೇಳಿದ್ದೆ — ಅವರು ಅದನ್ನು ನಂಬಿಕೊಂಡೇ ಮಣ್ಣಿಗೆ ಹೋದರು.

ಬಹುಮಾನ ಕೊಡಲು ನನ್ನನ್ನು ಕರೆದಿದ್ದರು. ಕುವೈತ್ ಕ್ರಿಕೆಟ್ ತಂಡದ ಮೊದಮೊದಲ ನಾಯಕರಲ್ಲಿ ಒಬ್ಬರು, ನಮ್ಮ ಕ್ಯಾಪ್ಟನ್ ಸಾಬ್ ಎಂದು ಮೈಕಿನಲ್ಲಿ ಹೇಳಿದ್ದು ಕೇಳಿ ನೀನು ಹುಡುಕಿಕೊಂಡು ಬಂದೆ. ಲಾರೆನ್ಸರ ಮಗಳು ಎಂದೆ. ಇಲ್ಲೇ ಕುವೈತಿನ ಫರ್ವಾನಿಯಾದಲ್ಲಿ ಮನೆ, ನರ್ಸ್ ಕೆಲಸಕ್ಕೆ ಸೇರಿ ಆರು ತಿಂಗಳು, ಪಪ್ಪ ತೀರಿಕೊಂಡು ವರ್ಷವಾಯಿತು ಎಂದೆ. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನಗುತ್ತಲೇ ಕೇಳಿದೆ:

“ನಾನು ಹುಟ್ಟುವಾಗ ಪಪ್ಪ ಊರಿಗೆ ಬಂದು ಕೂತದ್ದಕ್ಕೇ ಅವರಿಗೆ ಆಡ್ಲಿಕ್ಕೆ ಆಗ್ಲಿಲ್ಲ ಅಲ್ವಾ ಅಂಕಲ್? ಮನೆಯಲ್ಲಿ ಎಲ್ಲರೂ ಹೇಳ್ತಿದ್ರು — ನೀನು ಬಂದೆ, ಕ್ಯಾಪ್ಟನ್ಸಿ ಹೋಯ್ತು ಅಂತ.”

“ಹೌದಮ್ಮಾ, ರೂಲ್ಸ್ ಹಾಗಿತ್ತು” ಎಂದೆ ನಾನು, ಯಾರಿಗೋ ಕೊಡಬೇಕಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು. ನಿನ್ನ ನಗು ನಿಂತಿತು. ಅಷ್ಟು ಹೊತ್ತೂ ನೀನು ನನ್ನ ಬಾಯಿಂದ ‘ಇಲ್ಲ’ ಎಂಬ ಮಾತಿಗೆ ಕಾದಿದ್ದೆ ಎಂದು ಆಗ ತಿಳಿಯಿತು. ಆದರೂ ತಿದ್ದಲಿಲ್ಲ — ಜನ ಚಪ್ಪಾಳೆ ತಟ್ಟುತ್ತಿದ್ದರು.

ಈಗ ತಿದ್ದುತ್ತೇನೆ, ಕೇಳು.

ಆಗ ನಮ್ಮ ಕ್ರಿಕೆಟ್ ಎಂದರೆ ಶುಕ್ರವಾರದ ಬೆಳಗು, ಮರಳು, ಸಿಮೆಂಟಿನ ಪಿಚ್, ಅದರ ಮೇಲೆ ಎಳೆದು ಬಿಗಿಯುವ ನಾರಿನ ಮ್ಯಾಟ್. ಮ್ಯಾಟಿನ ಅಂಚಿಗೆ ಮೊಳೆ ಹೊಡೆಯುವ ಕೆಲಸ ನಿನ್ನ ಪಪ್ಪನದು. ಬೇರೆ ಯಾರು ಹೊಡೆದರೂ ಅವರಿಗೆ ಸಮಾಧಾನವಿಲ್ಲ. ಮಹಬೂಲಾದ ಲೇಬರ್ ಕ್ಯಾಂಪಿನಿಂದ ಸುತ್ತಿಗೆ ಹಿಡಿದು ಬರುವ ಸ್ಟೋರ್‌ಕೀಪರ್ ನಮ್ಮ ಕ್ಯಾಪ್ಟನ್. ನಾನು ಮೈಸೂರಿನಲ್ಲಿ ಯೂನಿವರ್ಸಿಟಿಗೆ ಆಡಿದವನು, ಕುವೈತ್ ಸಿಟಿಯಲ್ಲಿ ಏಸಿ ಆಫೀಸಿನಲ್ಲಿ ಕೂರುವವನು, ಬರೀ ಉಪನಾಯಕ. ನನಗೆ ಹೊಟ್ಟೆ ಉರಿಯುತ್ತಿತ್ತು. ಇದಕ್ಕಿಂತ ಮರ್ಯಾದೆಯ ಪದ ಹುಡುಕಿ ನೋಡಿದೆ, ಸಿಗಲಿಲ್ಲ.

ಕುವೈತ್ ದೇಶದ ಹೆಸರಿನಲ್ಲಿ ಹೊರಗೆ ಹೋಗಿ ಆಡುವ ಅವಕಾಶ ಬಂತು. ಪರದೇಶದವರು ಆಡಬೇಕಾದರೆ ನಾಲ್ಕು ವರ್ಷ ಕುವೈತಿನಲ್ಲೇ ವಾಸವಿದ್ದದ್ದಕ್ಕೆ ದಾಖಲೆ ಕೊಡಬೇಕಿತ್ತು. ನಡುವೆ ರಜೆಗೆ ಊರಿಗೆ ಹೋಗಿಬಂದರೆ ತೊಂದರೆಯಿರಲಿಲ್ಲ. ಆ ನಿಯಮವನ್ನು ಪೂರ್ತಿ ಓದಿದವನು ನಾನೊಬ್ಬನೇ — ಎಲ್ಲರ ಕಾಗದ ಸೇರಿಸುವ ಜವಾಬ್ದಾರಿಯೂ ನನ್ನದೇ.

ಎಲ್ಲರ ಪಾಸ್‌ಪೋರ್ಟೂ ಆಗ ಕಂಪನಿಯ ಕಪಾಟಿನಲ್ಲಿರುತ್ತಿತ್ತು. ನಿನ್ನ ಪಪ್ಪ ಎರಡು ದಿನ ಆಫೀಸಿನ ಬಾಗಿಲು ಕಾದು, ಕೈಮುಗಿದು, ಜೆರಾಕ್ಸ್ ಮಾಡಿಸಿ ತಂದರು. ಅವರ ಹಳೆಯ ಪಾಸ್‌ಪೋರ್ಟ್ ಅವಧಿ ಮುಗಿದು, ನೀನು ಹುಟ್ಟಿದಾಗ ಊರಿನಲ್ಲಿ ಹೊಸದು ಮಾಡಿಸಿದ್ದರು. ಹೊಸದರಲ್ಲಿ ಎರಡು ವರ್ಷದ ಮುದ್ರೆಗಳಿದ್ದವು. ಅದಕ್ಕೂ ಹಿಂದಿನದೆಲ್ಲ ಹಳೆಯದರಲ್ಲಿ. ಎರಡನ್ನೂ ಜೋಡಿಸಿಟ್ಟರೆ ಏಳು ವರ್ಷಕ್ಕೆ ಮಿಕ್ಕಿದ ವಾಸ. ಯಾರೂ ಪ್ರಶ್ನೆ ಮಾಡುವಂತಿರಲಿಲ್ಲ.

ಹಳೆಯದರ ನಾಲ್ಕು ಹಾಳೆಗಳನ್ನು ನಾನು ಫೈಲಿನಿಂದ ತೆಗೆದೆ. ಪಿನ್ ಬಿಚ್ಚುವಾಗ ಕೈ ನಡುಗಲಿಲ್ಲ, ಶರ್ಲಿ. ನಡುಗಿತ್ತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ —

ಆಯ್ಕೆ ಸಮಿತಿಯವರು ಹಾಳೆ ಮಗುಚಿ ಕೇಳಿದರು, ಇದಕ್ಕೆ ಮೊದಲು ಇವರು ಎಲ್ಲಿದ್ದರು? “ಇಂಡಿಯಾದಲ್ಲಿ, ಸರ್” ಎಂದೆ. ಅಷ್ಟೇ. ಅಷ್ಟಕ್ಕೇ ಒಬ್ಬ ಮನುಷ್ಯನ ಆಟ ಮುಗಿಯಿತು.

ನಿನ್ನ ಪಪ್ಪನಿಗೆ ಬೇರೆ ಕಥೆ ಬೇಕಿತ್ತಲ್ಲ. “ಲಾರೆನ್ಸಣ್ಣ, ಹೆರಿಗೆಗೆ ಅಂತ ಊರಲ್ಲಿ ಮೂರು ತಿಂಗಳು ಕೂತ್ರಲ್ಲ, ಅದರಿಂದ ಲೆಕ್ಕ ಮತ್ತೆ ಮೊದಲಿಂದ ಶುರುವಾಗಿದೆಯಂತೆ” ಎಂದೆ. ಹೇಳುವಾಗ ನಿನ್ನ ನೆನಪೇ ನನಗಿರಲಿಲ್ಲ — ನೀನು ಎರಡು ವರ್ಷದ ಕೂಸು, ಎಲ್ಲೋ ಊರಿನಲ್ಲಿ. ಅವರು ಸುತ್ತಿಗೆಯ ಹಿಡಿ ಒರೆಸಿ ಕೆಳಗಿಟ್ಟರು.

“ಎಂತ ಮಾಡ್ಲಿಕ್ಕುಂಟು ಮಾರಾಯ. ಹೋಗ್ಲಿ, ಮಗಳು ಬಂದಳಲ್ಲ. ಟಾಸಿಗೆ ನೀನು ಹೋಗು.”

ಏರ್‌ಪೋರ್ಟಿಗೂ ಬಂದರು. ಒಂದು ನೋಟ್‌ಬುಕ್ ಕೊಟ್ಟರು. ಪ್ರತಿ ಬೌಲರನ ಹೆಸರಿನ ಕೆಳಗೆ ಯಾರು ಎಲ್ಲಿ ನಿಲ್ಲಬೇಕೆಂದು ಚುಕ್ಕೆ ಇಟ್ಟು ಬರೆದದ್ದು. ಅದನ್ನು ನೋಡಿಕೊಂಡೇ ನಾನು ಫೀಲ್ಡ್ ನಿಲ್ಲಿಸಿದೆ. ನನ್ನ ನಾಯಕತ್ವದಲ್ಲಿ ತಂಡ ಗೆದ್ದದ್ದು ಒಂದೇ ಪಂದ್ಯ. ಅದು ಆ ಚುಕ್ಕೆಗಳ ಗೆಲುವು. ಪೇಪರಿನಲ್ಲಿ ಬಂದದ್ದು ನನ್ನ ಫೋಟೋ. ಆಮೇಲೆ ಎರಡು ಪ್ರವಾಸ, ಸನ್ಮಾನ, ಶಾಲು, ಕ್ಯಾಪ್ಟನ್ ಸಾಬ್ ಎಂಬ ಹೆಸರು — ಇದೇ ನನ್ನ ಬದುಕು. ಇದನ್ನು ಬಿಟ್ಟು ಹೇಳಿಕೊಳ್ಳಲು ನನ್ನಲ್ಲಿ ಏನೂ ಇಲ್ಲ, ಇದೂ ನನ್ನದಲ್ಲ.

ಮುಂದಿನ ಸಲ ಆಡಬಹುದು ಎಂದು ನಿನ್ನ ಪಪ್ಪ ಕಾದರು. ಮತ್ತೂ ಒಂದೂವರೆ ವರ್ಷ ನಮಗಾಗಿ ಮ್ಯಾಟ್ ಬಿಗಿದರು. ನನ್ನ ಲೆಕ್ಕದ ನಾಲ್ಕು ವರ್ಷ ತುಂಬುವ ಮೊದಲೇ ಅವರ ಕಂಪನಿ ಜನರನ್ನು ಊರಿಗೆ ಕಳಿಸಿಬಿಟ್ಟಿತು. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ರದ್ದಾಯಿತು, ಖಲಾಸ್. ಹೋಗುವ ದಿನ ಫೋನ್ ಮಾಡಿದ್ದರು. ಮೀಟಿಂಗಿನಲ್ಲಿದ್ದೇನೆ ಎಂದು ಇಟ್ಟೆ. ಮೀಟಿಂಗ್ ಇರಲಿಲ್ಲ.

ಆ ನಾಲ್ಕು ಹಾಳೆಗಳನ್ನು ಹರಿದು ಹಾಕುವ ಧೈರ್ಯವೂ ಬರಲಿಲ್ಲ, ಕೊಡುವ ಧೈರ್ಯವೂ. ನನ್ನ ಡಿಗ್ರಿ ಸರ್ಟಿಫಿಕೇಟಿನ ಹಿಂದೆ ಇದ್ದವು. ಈ ಪತ್ರದ ಜೊತೆ ನೋಟ್‌ಬುಕ್ಕನ್ನೂ ಅವನ್ನೂ ಇಟ್ಟಿದ್ದೇನೆ. ಮುದ್ರೆಗಳು ಮಾಸಿವೆ, ಆದರೆ ತಾರೀಖು ಓದಬಹುದು. ನೀನೇ ಕೂಡಿಸಿ ನೋಡು. ಬರುವ ಶುಕ್ರವಾರ ಅದೇ ಮೈಕಿನಲ್ಲಿ ಇದನ್ನೆಲ್ಲ ಹೇಳುತ್ತೇನೆ, ನೀನು ಬರಲೇಬೇಕೆಂದಿಲ್ಲ. ಕ್ಷಮೆ ಕೇಳಬೇಕಾದವರು ಇಲ್ಲ. ನಿನ್ನ ಹತ್ತಿರ ಕೇಳಲು ನನಗೆ ಮುಖವಿಲ್ಲ.

ಮನೆಯವರಿಗೆ ಒಂದು ಮಾತು ಮಾತ್ರ ತಿಳಿಸು. ನೀನು ಹುಟ್ಟಿದ್ದರಿಂದ ನಿನ್ನ ಪಪ್ಪನ ಲೆಕ್ಕದಲ್ಲಿ ಒಂದು ದಿನವೂ ಕಡಿಮೆಯಾಗಿರಲಿಲ್ಲ.