ಹೇಂಟೆಯಿಲ್ಲದ ಬುಟ್ಟಿ

ಯಾರಾದರೂ ನಂಬಲಾಗದ ಸಂಗತಿಯೊಂದನ್ನು ಹೇಳತೊಡಗಿದರೆ, ಅದು ಯಾವ ವಾರ ನಡೆಯಿತು, ಕಣ್ಣಾರೆ ಕಂಡವರು ಯಾರು ಎಂದು ಕೇಳುವುದು ನನ್ನ ಅಭ್ಯಾಸ. ಹೆಚ್ಚಿನ ಕಥೆಗಳು ಅಲ್ಲಿಗೇ ನಿಂತುಬಿಡುತ್ತವೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನನಗೆ ಗೊತ್ತಿದ್ದಷ್ಟನ್ನು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಡುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಆಟಿ ತಿಂಗಳು, ಮಳೆ ಬಿಡದೆ ಸುರಿಯುವ ಕಾಲ. ನಮ್ಮ ಮನೆ ಕಂಕನಾಡಿ ಪೇಟೆಯಿಂದ ಸ್ವಲ್ಪ ಒಳಗೆ. ನಾನು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿ ವರ್ಷ ತುಂಬಿರಲಿಲ್ಲ. ತಾರೀಕು ಹಾಕಿ ದಿನಚರಿ ಬರೆಯುವ ಹುಚ್ಚು ಮಾತ್ರ ಆಗಲೇ ಹಿಡಿದಿತ್ತು. ಅಕ್ಕ ಹೆರಿಗೆಗೆಂದು ಬಂದಿದ್ದಳು. ಅದು ಅವಳ ಮೂರನೆಯ ಬಸುರು. ಮೊದಲಿನ ಎರಡು ಮಕ್ಕಳೂ ಉಸಿರಿಲ್ಲದೆ ಹುಟ್ಟಿದ್ದವು. ಹುಟ್ಟುವ ಕೂಸಿಗೆಂದು ಅಮ್ಮ ಅಪ್ಪನ ಹಳೆಯ ಮುಂಡುಪಂಚೆಗಳನ್ನು ಒಗೆದು ಮಡಚಿಟ್ಟಿದ್ದಳು. ಅವನ್ನು ಹರಿದು ತುಂಡು ಮಾಡಲು ಹೊರಟಾಗ ಅಕ್ಕ ಈಗಲೇ ಬೇಡವೆಂದಳು. ಅಮ್ಮ ಅವನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಬಾಣಂತಿಗೆ ಕಾಳುಮೆಣಸಿನ ಕೋಳಿಸಾರು ಬೇಕೆಂದು ಅಮ್ಮ ಆ ವರ್ಷ ಹತ್ತು ಕೋಳಿ ಸಾಕಿದ್ದಳು. ಅಕ್ಕ ಬಂದ ವಾರದಲ್ಲೇ ಬೂದುಬಣ್ಣದ ಹೇಂಟೆಯೊಂದು ಕಾವಿಗೆ ಕುಳಿತಿತ್ತು. ಉಗ್ರಾಣದಲ್ಲಿ ಬೈಹುಲ್ಲಿನಿಂದ ಕಟ್ಟಿದ ಅಕ್ಕಿಮುಡಿಯ ಮೇಲೆ ಬುಟ್ಟಿಯಿಟ್ಟು, ಭತ್ತದ ಹೊಟ್ಟು ಹರಡಿ, ಹನ್ನೊಂದು ಮೊಟ್ಟೆಗಳನ್ನು ಅಕ್ಕನೇ ತನ್ನ ಕೈಯಿಂದ ಅದರ ಅಡಿಯಲ್ಲಿಟ್ಟಳು. ಬೇರೆ ಕೋಳಿ ಆಮೇಲೆ ಇಟ್ಟ ಮೊಟ್ಟೆ ಬೆರೆತುಹೋಗದಂತೆ ನಮ್ಮಲ್ಲಿ ಎಲ್ಲರೂ ಮಸಿಯಿಂದ ಗೆರೆ ಎಳೆಯುತ್ತಾರೆ. ನಾನು ಗೆರೆ ಸಾಲದೆಂದು ಪೆನ್ಸಿಲಿನಿಂದ ಅಂಕೆಗಳನ್ನೇ ಬರೆದೆ. ಬೇಲಿಯಾಚೆಯ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸನ್ನು ನಾವು ಬಾಯಮ್ಮ ಎಂದು ಕರೆಯುತ್ತಿದ್ದೆವು. ಅವರು ಅದನ್ನು ನೋಡಿ ಅಕ್ಕನಿಗೆ, "ನಿನ್ನ ತಮ್ಮ ಇವುಗಳ ಹಾಜರಿಯನ್ನೂ ಕರೀತಾನೋ ಎಂತ?" ಎಂದರು. ಬಂದ ಮೇಲೆ ಅಕ್ಕ ಮೊದಲ ಸಲ ನಕ್ಕದ್ದು ಆಗಲೇ.

ಸಾವು ಶುರುವಾದದ್ದು ಹುಂಜದಿಂದ. ಸಂಜೆ ಗೂಡಿಗೆ ಬರುವಾಗ ಬಾಗಿಲ ಬಳಿ ಸುಮ್ಮನೆ ಕುಳಿತು, ಕತ್ತನ್ನು ನೆಲಕ್ಕೆ ಚಾಚಿ ಸತ್ತುಹೋಯಿತು. ಮರುದಿನ ಅದೇ ಹೊತ್ತಿಗೆ ಎರಡು ಹೇಂಟೆ. ಭೇದಿಯಿಲ್ಲ, ಬಾಯಲ್ಲಿ ನೊರೆಯಿಲ್ಲ, ಹಾವು ಕಚ್ಚಿದ ಗುರುತಿಲ್ಲ. ದನದ ಡಾಕ್ಟರರನ್ನು ಬೇಡಿಕೊಂಡು ಕರೆತಂದೆ. ಅವರು ಒಂದರ ಹೊಟ್ಟೆ ಸೀಳಿ ನೋಡಿ, ಇಷ್ಟು ಚೆನ್ನಾಗಿ ಮೇವು ತಿಂದ ಕೋಳಿ ಸಾಯುವುದಕ್ಕೆ ಕಾರಣ ತಿಳಿಯುವುದಿಲ್ಲವೆಂದರು. ನಮ್ಮವುಗಳ ಜೊತೆ ಅದೇ ಗೊಬ್ಬರಗುಂಡಿ ಕೆದಕುತ್ತಿದ್ದ ಬಾಯಮ್ಮನ ಕೋಳಿಗಳಿಗೆ ಏನೂ ಆಗಲಿಲ್ಲ. ಅಮ್ಮ ಮಜ್ಜಿಗೆಗೆ ಈರುಳ್ಳಿ ಜಜ್ಜಿ ಕುಡಿಸಿದಳು, ಬಾಯಮ್ಮ ಬೆಳ್ಳುಳ್ಳಿ ತಂದುಕೊಟ್ಟರು. ವಾರದೊಳಗೆ ಗೂಡು ಬರಿದಾಗಿ, ಕಾವಿಗೆ ಕುಳಿತ ಬೂದುಹೇಂಟೆಯೊಂದೇ ಉಳಿಯಿತು. ನನ್ನ ದಿನಚರಿಯಲ್ಲಿ ಪ್ರತಿ ಸಾವಿನ ಎದುರೂ ಕಾರಣ ಬರೆಯುವ ಜಾಗ ಖಾಲಿ ಉಳಿಯಿತು.

ಅಕ್ಕ ಊಟ ಕಡಿಮೆ ಮಾಡಿದಳು. ದಿನವಿಡೀ ಉಗ್ರಾಣದ ಹೊಸ್ತಿಲಲ್ಲಿ ಕುಳಿತು ಬುಟ್ಟಿಯನ್ನೇ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನು ನಡೆದಿದೆಯೆಂದು ನಮಗೆಲ್ಲ ಗೊತ್ತಿತ್ತು.

ಮೊಟ್ಟೆ ಒಡೆದು ಮರಿ ಬರಲು ಇನ್ನು ಮೂರು ದಿನವಿರುವಾಗ ಬೆಳಿಗ್ಗೆ ಬೂದುಹೇಂಟೆಯೂ ಸತ್ತಿತ್ತು. ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡೇ ಮರಗಟ್ಟಿತ್ತು. ಅಂದರೆ ಜೀವ ಹೋಗಿ ಬಹಳ ಹೊತ್ತಾಗಿರಬೇಕು. ಅದನ್ನು ತೆಂಗಿನ ಬುಡದಲ್ಲಿ ಹೂತು ಬಂದೆ. ಅಮ್ಮ ಮೊಟ್ಟೆಗಳನ್ನೂ ಹೂಳಲು ಬುಟ್ಟಿ ಎತ್ತಿದಳು. ಬಸುರಿ ಇರುವ ಮನೆಯಲ್ಲಿ ಸತ್ತ ಕೋಳಿಯ ಮೊಟ್ಟೆ ಇರಬಾರದೆಂಬುದು ಅವಳ ಭಯ. ಅಕ್ಕ ಎದ್ದು ಬಂದು ಬುಟ್ಟಿಯೊಳಗೆ ಕೈಯಿಟ್ಟಳು.

"ಬಿಸಿ ಉಂಟು ಅಮ್ಮ."

"ಅದು ಕೋಳಿಯ ಬಿಸಿ ಮಗಾ. ಸಂಜೆಗೆ ಹೋಗ್ತದೆ."

"ಹಾಗಾದರೆ ಸಂಜೆಯವರೆಗೆ ಇರಲಿ."

ಕಾವಿಗೆ ಕುಳಿತ ಇನ್ನೊಂದು ಹೇಂಟೆ ಬಾಯಮ್ಮನಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಇರಲಿಲ್ಲ. ಅಂದು ಹಗಲೆಲ್ಲ ಮಳೆ, ಉಗ್ರಾಣದಲ್ಲಿ ಚಳಿ. ಕಾರ್ಖಾನೆಯಿಂದ ಬಂದು ಮೊಟ್ಟೆಗಳಿಗೆ ಕೈಯ ಹಿಂಬದಿ ತಾಗಿಸಿದೆ. ಬಿಸಿಯಿತ್ತು. ಅಕ್ಕ ಏನಾದರೂ ಮಾಡಿರಬಹುದೆಂಬ ಅನುಮಾನ ನನಗೆ ಬಾರದೆ ಇರಲಿಲ್ಲ. ಆದರೆ ಅಮ್ಮ ಅವಳನ್ನು ಮತ್ತೆ ಅಲ್ಲಿಗೆ ಬಿಟ್ಟಿರಲಿಲ್ಲ. ಒಲೆಯೂ ಬಚ್ಚಲೂ ಮನೆಯ ಇನ್ನೊಂದು ತುದಿಯಲ್ಲಿ. ಹೊಟ್ಟಿನ ಕಾವೇ ಆಗಿದ್ದರೆ ಬೇರೆ ಮೊಟ್ಟೆಯೂ ಬಿಸಿಯಾಗಬೇಕೆಂದು ಅಂಗಡಿಯಿಂದ ಒಂದು ಮೊಟ್ಟೆ ತಂದು, ಅಂಕೆ ಹಾಕದೆ ಅವುಗಳ ನಡುವೆಯೇ ಇಟ್ಟೆ. ಉಗ್ರಾಣದಲ್ಲೇ ಚಾಪೆ ಹಾಸಿ, ಬಾಗಿಲಿಗೆ ಅಡ್ಡವಾಗಿ ಮಲಗಿದೆ.

ಬೆಳಿಗ್ಗೆ ಅಂಗಡಿಯ ಮೊಟ್ಟೆ ತಣ್ಣಗಿತ್ತು. ಅದರ ಆಚೀಚೆ ಇದ್ದ ನಾಲ್ಕು ಮತ್ತು ಒಂಬತ್ತು ಬಿಸಿಯಾಗಿದ್ದವು. ನನ್ನ ಕೈಯನ್ನು ನಾನೇ ನಂಬದೆ ಅಮ್ಮನನ್ನು ಕರೆದೆ. ಅವಳು ಎಲ್ಲವನ್ನೂ ಒಂದೊಂದಾಗಿ ಮುಟ್ಟಿದಳು, ತಣ್ಣಗಿದ್ದುದನ್ನು ಹೊರಗೆ ತೆಗೆದಿಟ್ಟಳು, ಬುಟ್ಟಿಯನ್ನು ಇದ್ದಲ್ಲೇ ಬಿಟ್ಟಳು. ಬಾಯಮ್ಮನೂ ಬಂದು ಮುಟ್ಟಿ, ಶಿಲುಬೆಯ ಗುರುತು ಮಾಡಿಕೊಂಡು, "ಇದನ್ನು ಊರಲ್ಲಿ ಹೇಳಬೇಡ ಮಾರಾಯ, ನಾಳೆ ನೋಡ್ಲಿಕ್ಕೆ ಜನ ಬಂದಾರು" ಎಂದರು.

ಎರಡು ದಿನ ಹಾಗೆಯೇ ಹೋಯಿತು. ಮೂರನೆಯ ಬೆಳಗ್ಗೆ ಬುಟ್ಟಿಯಿಂದ ಚಿಲಿಪಿಲಿ ಕೇಳಿಸಿತು. ಮಧ್ಯಾಹ್ನದೊಳಗೆ ಹನ್ನೊಂದರಲ್ಲಿ ಏಳು ಮರಿಗಳು. ಒಡೆದ ಚಿಪ್ಪುಗಳನ್ನು ಆಯ್ದು ಜೋಡಿಸಿದೆ. ಪ್ರತಿಯೊಂದರ ಮೇಲೂ ನನ್ನ ಕೈಬರಹದ ಅಂಕೆ. ಯಾರೋ ಬದಲಾಯಿಸಿರಬಹುದೆಂಬ ಕೊನೆಯ ಸಮಾಧಾನವೂ ನನಗೆ ಉಳಿಯಲಿಲ್ಲ.

ಅಕ್ಕ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಒದ್ದೆ ಮೈ ಆರುವವರೆಗೆ ಕುಳಿತಿದ್ದಳು. ಆಮೇಲೆ ಮೆಲ್ಲನೆ, "ಅಮ್ಮ, ಆ ಮುಂಡುಗಳನ್ನು ಕೊಡು, ಹರಿದಿಡ್ತೇನೆ" ಎಂದಳು. ಅಮ್ಮ ಬೆನ್ನು ತಿರುಗಿಸಿ ಒಳಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು.

ಮುಂದಿನ ತಿಂಗಳು ಹೆಣ್ಣುಮಗು ಹುಟ್ಟಿತು. ಅದರ ಅಳು ಬೇಲಿ ದಾಟಿ ಬಾಯಮ್ಮನ ಮನೆಗೂ ಕೇಳಿಸಿತಂತೆ. ಒಂದಕ್ಕೊಂದು ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಕೋಳಿಗಳು ಏಕೆ ಸತ್ತವು, ಮೊಟ್ಟೆಗಳು ಏಕೆ ತಣ್ಣಗಾಗಲಿಲ್ಲ, ಎರಡೂ ನನಗೆ ತಿಳಿಯದು.

ಆಮೇಲೆ ಕೋಳಿ ಕಾವಿಗೆ ಕುಳಿತಾಗಲೆಲ್ಲ ನಾನು ಅದನ್ನು ಸ್ವಲ್ಪ ಹೊತ್ತು ಹೊರಗೆ ಬಿಟ್ಟು ಮೊಟ್ಟೆಗಳನ್ನು ಮುಟ್ಟಿ ನೋಡುತ್ತೇನೆ. ಪ್ರತಿ ಸಲವೂ ತಣ್ಣಗಾಗುತ್ತವೆ. ಅಕ್ಕನ ಮಗಳಿಗೆ ಈಗ ಎಂಟು ವರ್ಷ. ಕಳೆದ ರಜೆಯಲ್ಲಿ ಅವಳೂ ನನ್ನ ಪಕ್ಕ ಕುಳಿತು ನೋಡುತ್ತಿದ್ದಳು. ಒಂದು ಮೊಟ್ಟೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ತಣ್ಣಗಾಗ್ತಾ ಉಂಟು ಮಾವ" ಎಂದಳು. "ಸಾಕು ನೀವು ನೋಡಿದ್ದು. ಕೋಳಿಯನ್ನು ಒಳಗೆ ಬಿಡಿ."

ಬಿಟ್ಟೆ.