ನನ್ ಹತ್ರ ಕೇಣಿ

ಬೀಜಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬನಿದ್ದ. ನಲವತ್ತು ದಾಟಿದರೂ ಅವನಿಗೆ ಬುದ್ಧಿ ಬೆಳೆದಿಲ್ಲವೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಹಾಗಾಗಿ ಅವನಿಗೆ ಚಾ ಬೇಕೋ ಬೇಡವೋ ಎಂದು ಎಲ್ಲರೂ ಕೇಳುವುದು ಅವನ ಅಕ್ಕನನ್ನು. ಆಗೆಲ್ಲ ಅವನು ಎದೆ ತಟ್ಟಿಕೊಂಡು, "ನನ್ ಹತ್ರ ಕೇಣಿ" ಎನ್ನುತ್ತಿದ್ದ.

ಒಂದು ಚುನಾವಣೆಯ ದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಕ್ಕನ ಹಾಗೂ ನಮ್ಮ ಜೊತೆ ಮತ ಹಾಕಲು ಶಾಲೆಗೆ ಬಂದ. ಅಲ್ಲಿ ಕೂತಿದ್ದ ಪಕ್ಷದ ಏಜೆಂಟನೊಬ್ಬ, "ಇವ್ನಿಗೆಂತ ಗೊತ್ತಾತ್ತ್? ಇವ್ನ ಓಟ್ ಅಕ್ಕನೇ ಒತ್ಲಿ" ಎಂದ. ಮತಗಟ್ಟೆಯ ಅಧಿಕಾರಿಯೂ ಅಕ್ಕನ ಕಡೆಗೇ ತಿರುಗಿದರು. "ಇವರಿಗೆ ತಿಳಿಯುತ್ತಾ?"

"ನನ್ ಹತ್ರ ಕೇಣಿ."

ಅಧಿಕಾರಿ ನಕ್ಕು ಅವನನ್ನೇ ಕೇಳಿದರು. "ಒಬ್ಬರೇ ಹೋಗ್ತೀರಾ?"

"ಹೋತೆ" ಎಂದ, ಹೋದ. ಯಂತ್ರ ಕೂಗಿದ ಮೇಲೆಯೇ ಅಕ್ಕನಿಗೆ ಉಸಿರು ಬಂದದ್ದು.

ಹೊರಗೆ ಮರದಡಿಯಲ್ಲಿ, ಯಾರು ಯಾರಿಗೆ ಹಾಕಿದೆವೆಂದು ನಾವೆಲ್ಲ ದೊಡ್ಡ ದನಿಯಲ್ಲೇ ಹೇಳಿಕೊಳ್ಳುತ್ತಿದ್ದೆವು. ಅವನು ಶಾಯಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಬಂದ. ಅಂದು ಮೊದಲ ಬಾರಿಗೆ ಊರಿಗೆ ಊರೇ ಅವನನ್ನು ಕೇಳಿತು. "ಯಾರಿಗ್ ಹಾಕ್ದೆ ಮಾರಾಯ?" ಅಕ್ಕನೂ ಬಿಡದೆ ಕೇಳಿದಳು.

ಅವನು ಆ ಬೆರಳನ್ನೇ ತುಟಿಯ ಮೇಲಿಟ್ಟು ಹೇಳಿದ: "ಅದನ್ನ ಹೇಳುಕಾಗ."